ಪಕ್ಕದ ಮನೆಯವರ ಟ್ರಂಕಿನಲ್ಲಿ ಸಿಕ್ಕ ರವಿವಾರ ಪೇಟೆಯ ವಾಡೆ

ಪುಣೆಯ ರವಿವಾರ ಪೇಟೆಯಲ್ಲಿ, ಬೋಹ್ರಿ ಆಳಿ ಅನ್ನುವ ಓಣಿಗೆ ಹತ್ತಿರ, ಒಂದು ವ್ಯಾಪಾರಿ ವಾಡೆಯ, ಅಂದರೆ ಒಳಗೆ ಚೌಕವಿರುವ ಹಳೇ ದೊಡ್ಡ ಮನೆಯ, ಚರಿತ್ರೆ ಹುಡುಕಿಕೊಡಲು ನಾನು ಒಪ್ಪಿಕೊಂಡಾಗ ಹಳೇ ಮನೆಗಳ ಚರಿತ್ರೆ ಹುಡುಕುವ ನಮ್ಮ ಬಳಗದವರೆಲ್ಲ ಬೇಡ ಅಂದಿದ್ದರು. ಮೂಲಪತ್ರ ಒಂದೂ ಇಲ್ಲದ ಮನೆ. ಮನೆಯವರು ವಿಜಯಪುರದ ಕಡೆಯಿಂದ ಬಂದ ಲಿಂಗಾಯತ ವಾಣಿಗಳು, ಕಿರಾಣಿ ವ್ಯಾಪಾರ. ಈಗಲೂ ಒಳಗೆ ಕನ್ನಡ, ಅಂಗಡಿಯಲ್ಲಿ ಮರಾಠಿ. ಹಳೇ ಕಾಗದದ ಪೆಟ್ಟಿಗೆ ನಾರಾಯಣ ಪೇಟೆಯ ಬೀಗರ ಮನೆಯಲ್ಲಿತ್ತಂತೆ. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದಾಗ ನೀರು ಅದನ್ನೂ ಎತ್ತಿಕೊಂಡು ಹೋಯಿತು.

ಇಷ್ಟಾದರೂ ವಾಡೆ ಕಟ್ಟಿದ ಕಾಲ ಸಿಕ್ಕಿದೆ. ಬೇಡ ಅಂದವರೇ ಈಗ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲರೂ ಹಿಡಿಯುವ ದಾರಿಯನ್ನೇ ಮೊದಲು ಹಿಡಿದೆ. ಪ್ರಾಪರ್ಟಿ ಕಾರ್ಡ್, ಅದರ ಹಿಂದಿನ ಚೌಕಶಿ ರಜಿಸ್ಟರ್, ಅಂದರೆ ಸರ್ವೆಯವರ ವಿಚಾರಣೆ ಪುಸ್ತಕ. ಅಲ್ಲಿಂದ ಹಿಂದಕ್ಕೆ ದಾರಿ ಮುಚ್ಚಿತ್ತು. ಹಳೇ ಘರ್ ನಂಬರಿಗೂ ಸಿಟಿ ಸರ್ವೆ ನಂಬರಿಗೂ ತಾಳೆ ಹಾಕುವ ಪಟ್ಟಿ ಸಿಗಲೇ ಇಲ್ಲ. ಶೋಧನೆ ಶುಲ್ಕ, ನಕಲು, ಓಡಾಟ ಸೇರಿ ಎಂಟೊಂಬತ್ತು ಸಾವಿರ ಕರಗಿತು. ಮೋಡಿ, ಅಂದರೆ ಮರಾಠಿಯ ಹಳೇ ಕೂಡಕ್ಷರದ ಲಿಪಿ, ಓದುವವರೊಬ್ಬರಿಗೆ ಪುಟಕ್ಕೆ ಮುನ್ನೂರರಂತೆ ಕೊಟ್ಟು ಒಂದು ಕಟ್ಟು ಓದಿಸಿದೆ. ಬಂದದ್ದು ಯಾರದೋ ಎತ್ತಿನ ಸಾಲದ ಪತ್ರ! ಆಮೇಲೆ ನಾನೇ ಕಲಿತೆ. ನಮ್ಮಜ್ಜ ಅಥಣಿ ಕಡೆ ಕುಲಕರ್ಣಿ, ಊರಿನ ಲೆಕ್ಕವನ್ನೆಲ್ಲ ಮೋಡಿಯಲ್ಲೇ ಬರೆದವರು. ಆ ಅಕ್ಷರ ಚಿಕ್ಕಂದಿನಿಂದ ಕಣ್ಣಿಗೆ ಬಿದ್ದಿದ್ದಕ್ಕೋ ಏನೋ, ಬೇಗ ಕೈಹತ್ತಿತು. ಈಗ ಸಾಧಾರಣ ಖರೇದಿಪತ್ರವನ್ನು ಯಾರ ಸಹಾಯವೂ ಇಲ್ಲದೆ ಓದುತ್ತೇನೆ. ಬಳಗದಲ್ಲಿ ಹಾಗೆ ಓದುವವರು ಜಾಸ್ತಿ ಇಲ್ಲ ಬಿಡಿ.

ಪೇಶ್ವೆಯವರ ಹಳೇ ಸರಕಾರಿ ದಾಖಲೆ ಇರುವ ಪೇಶ್ವೆ ದಫ್ತರದಲ್ಲೂ ಕೂತೆ. ಅಲ್ಲಿನ ರುಮಾಲುಗಳು, ಬಟ್ಟೆಯಲ್ಲಿ ಸುತ್ತಿದ ಕಾಗದದ ಕಟ್ಟುಗಳು, ಸಾಗರ, ಆದರೆ ಒಬ್ಬ ಕಿರಾಣಿ ವ್ಯಾಪಾರಿಯ ಖಾಸಗಿ ಮನೆ ಅಲ್ಲಿ ಯಾಕೆ ಬರುತ್ತದೆ? ರವಿವಾರ ಪೇಟೆಗೆ ಮೊದಲು ಮಲಕಾಪುರ ಅಂತ ಹೆಸರಿತ್ತು, ನಾನಾಸಾಹೇಬ ಪೇಶ್ವೆ ಕಾಲದಲ್ಲಿ ಬೆಳೆದ ಪೇಟೆ ಅದು. ಆ ಹೆಸರಿನಲ್ಲೂ ಹುಡುಕಿಸಿದೆ. ಕೈಗೆ ಏನೂ ಹತ್ತಲಿಲ್ಲ.

ಆಗ ಹೊಳೆದದ್ದು ಚಕ್ಕುಬಂದಿ, ಪತ್ರದಲ್ಲಿ ಬರೆಯುವ ನಾಲ್ಕು ದಿಕ್ಕಿನ ಗಡಿ. ನಮ್ಮ ಮನೆಯ ಪತ್ರ ಹೋಗಿರಬಹುದು. ಪಕ್ಕದವರ ಪತ್ರದಲ್ಲಿ ನಮ್ಮ ಮನೆ ಒಂದು ಗಡಿಯಾಗಿ ಬಂದೇ ಬರಬೇಕಲ್ವಾ? ಮನೆಯ ಹಿರಿಯ ಕಾಕಾ ಅವರಿಗೆ ಹೇಳಿದರೆ ನಕ್ಕುಬಿಟ್ಟರು. "ನಮ್ಮ ಮನಿ ಕಾಗದ ಮಂದಿ ಮನ್ಯಾಗ ಹುಡುಕ್ತೀರೇನ್ರೀ?" ಬಳಗದ ಆರ್ಕಿಟೆಕ್ಟ್ ಒಬ್ಬರಂತೂ ಸುಮ್ನೆ ಕಂಬದ ಕೆತ್ತನೆ ನೋಡಿ ಕಾಲ ಬರೆದುಬಿಡಿ ಅಂದರು.

ಪೂರ್ವಕ್ಕಿರುವುದು ಕಾಸಾರರ ಮನೆ, ತಾಮ್ರ ಹಿತ್ತಾಳೆ ಪಾತ್ರೆಯವರು. ಅವರ ಟ್ರಂಕಿನಲ್ಲಿ ಎರಡು ಪತ್ರ ಸಿಕ್ಕವು. ಮೊದಲನೆಯದು ಶಕೆ 1750ರ ಆಸುಪಾಸಿನ ಖರೇದಿಪತ್ರ, ಅಂದರೆ 1828. ಅದರಲ್ಲಿ ಪಶ್ಚಿಮಕ್ಕೆ 'ಖುಲ್ಲಾ ಜಾಗ'. ಎರಡನೆಯದು ಸುಮಾರು ಇಪ್ಪತ್ತು ವರ್ಷ ಈಚಿನ ಅಡವುಪತ್ರ. ಪಶ್ಚಿಮಕ್ಕೆ ವಾಣಿಯವರ ಎರಡಂತಸ್ತಿನ ವಾಡೆ, ನಡುವಿನ ಗೋಡೆ ಸಾಮಾಯಿಕ, ಅಂದರೆ ಇಬ್ಬರಿಗೂ ಸೇರಿದ್ದು, ವಾಣಿಯವರ ಸೂರಿನ ನೀರು ಕಾಸಾರರ ಅಂಗಳಕ್ಕೆ ಬೀಳಲು ಒಪ್ಪಿಗೆ ಇದೆ. ಓದಿದವನೇ ಟಾರ್ಚ್ ಹಿಡಿದು ಸಂದಿಗೆ ಹೋದೆ. ಸೂರು ಇವತ್ತಿಗೂ ಕಾಸಾರರ ಅಂಗಳದ ಕಡೆಗೇ ಚಾಚಿದೆ. ಕೆಳಗಿನ ಕರಿಕಲ್ಲಿನಲ್ಲಿ ನೀರು ಹೋಗಲು ಕಡಿದ ಗೇಣಗಲದ ಕಾಲುವೆ. ಒಂದು ತುದಿ ಒಡೆದಿದೆ, ಸಿಮೆಂಟು ಮೆತ್ತಿದ್ದಾರೆ. ಪತ್ರವೂ ಕಲ್ಲೂ ಒಂದೇ ಮಾತು ಹೇಳಿದವು. ಅಂದರೆ ವಾಡೆ ಎದ್ದದ್ದು ಆ ಎರಡು ಪತ್ರಗಳ ನಡುವಿನ ಇಪ್ಪತ್ತು ವರ್ಷದಲ್ಲಿ.

ಈ ಕೆಲಸ ಮಾಡುವವರಿಗೆ ಒಂದು ಮಾತು. ಓಣಿಯ ಆಚೆಗಿನ ಮನೆಯವರ ಬೆನ್ನು ಹತ್ತಬೇಡಿ. ಅವರ ಚಕ್ಕುಬಂದಿಯಲ್ಲಿ 'ರಸ್ತೆ' ಅಂತಷ್ಟೇ ಇರುತ್ತದೆ. ಗೋಡೆಗೆ ಗೋಡೆ ಹತ್ತಿದವರೇ ಬೇಕು. ಟ್ರಂಕು ತೆಗೆಸುವುದು ಹೇಗೆ ಅನ್ನುವುದನ್ನು ಪೂರ್ತಿ ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು. ದೀಪಾವಳಿಗೆ ಮನೆ ತೊಳೆಯುವ ವಾರ ಹೋಗಿ, ಅಷ್ಟು ಸಾಕು.

ನಡುವೆ ಬೇರೆ ಪರೀಕ್ಷೆಗಳನ್ನೂ ಮಾಡಿದೆ. ಮಾಡಿನ ಹೆಂಚು ತೆಗೆಸಿ ನೋಡಿದರೆ ಮಂಗಳೂರಿನ ಬಾಸೆಲ್ ಮಿಷನ್ ಮುದ್ರೆ. ನಮ್ಮ ಕಡೆಯ ಹೆಂಚು ಅಂತ ಖುಷಿಯಾಯಿತು, ಆದರೆ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದದ್ದೇ 1865ರಲ್ಲಿ. ಮಾಡು ಆಮೇಲೆ ಬದಲಾಗಿದೆ ಅನ್ನುವುದಕ್ಕಿಂತ ಹೆಚ್ಚೇನೂ ಅದರಿಂದ ತಿಳಿಯಲಿಲ್ಲ. ಇಟ್ಟಿಗೆ ಅಳೆದದ್ದಂತೂ ದಂಡ, ಒಂದೇ ಗೋಡೆಯಲ್ಲಿ ಮೂರು ನಮೂನೆಯ ಇಟ್ಟಿಗೆ. ಚೌಕದ ಸುರು ಕಂಬಗಳು, ಸೈಪ್ರಸ್ ಮರದ ಆಕಾರಕ್ಕೆ ಕೆತ್ತಿದವು, ಪೇಶ್ವೆಗಳ ಅರಮನೆ ಶನಿವಾರವಾಡೆಯಿಂದ ತಂದವು ಅನ್ನುವುದು ಮನೆಯವರ ನಂಬಿಕೆ. ಪುಣೆಯಲ್ಲಿ ಹಳೇ ವಾಡೆ ಇರುವ ಮುಕ್ಕಾಲು ಜನ ಹಾಗೇ ಹೇಳುತ್ತಾರೆ. ಅಲ್ಲಿ 1828ರ ಬೆಂಕಿ ದಿನಗಟ್ಟಲೆ ಉರಿಯಿತು, ಅಷ್ಟೊಂದು ಕಂಬ ಉಳಿದದ್ದೆಲ್ಲಿ?

ಇಸವಿಯ ವಿಷಯದಲ್ಲೂ ಜಗಳವಾಯಿತು. ಕಾಸಾರರದೇ ಇನ್ನೊಂದು ಹಳೇ ಚೀಟಿಯಲ್ಲಿ 'ಇಸನ್ನೆ ಖಮಸೈನ್ ಮಯಾ ವ ಅಲಫ್' ಅಂತಿತ್ತು. ಎರಡು, ಐವತ್ತು, ನೂರು, ಸಾವಿರ, ಅಂದರೆ 1152. ಅದು ಸುಹೂರ್ ಸನ್, ಮರಾಠಾ ಕಾಗದಗಳಲ್ಲಿ ಅರಬ್ಬಿ ಅಂಕಿಪದಗಳಲ್ಲಿ ಬರೆಯುತ್ತಿದ್ದ ವರ್ಷ. 599 ಕೂಡಿಸಿದರೆ 1751-52. ಗೆಳೆಯರೊಬ್ಬರು ಫಸಲಿ, ಅಂದರೆ ಕಂದಾಯದ ವರ್ಷ, ಅಂದುಕೊಂಡು 590 ಕೂಡಿಸಿ ಒಂಬತ್ತು ವರ್ಷ ಹಿಂದಕ್ಕೆ ಹೋಗಿದ್ದರು. ಹಟ ಇನ್ನೂ ಬಿಟ್ಟಿಲ್ಲ.

ಪಶ್ಚಿಮದ ಮನೆಯ ಪತ್ರ ಬೇರೆಯದೇ ಸುದ್ದಿ ಹೇಳಿತು. 1870ರ ಸುಮಾರಿನಲ್ಲಿ ಅವರ ಪೂರ್ವದ ಗಡಿಗೆ ವಾಣಿಯವರ ಹೆಸರಿಲ್ಲ, ಒಬ್ಬ ಗುಜರಾತಿ ಸಾಹುಕಾರನ ಹೆಸರಿದೆ. ಮುಂದಿನ ಪತ್ರದಲ್ಲಿ ಮತ್ತೆ ವಾಣಿಯವರೇ. ಮನೆ ಸಾಲಕ್ಕೆ ಹೋಗಿ ತಿರುಗಿ ಬಂದಿತ್ತು ಅಂತ ಕಾಣುತ್ತದೆ. ಕಾಕಾ ಮುಖ ಸಣ್ಣ ಮಾಡಿಕೊಂಡು "ಇದನ್ನ ಬರೀಬ್ಯಾಡ್ರಿ" ಅಂದರು. ಬಿಡಿಸಿಕೊಂಡವರು ನಿಮ್ಮವರೇ ಅಲ್ಲವೇ ಕಾಕಾ ಅಂದ ಮೇಲೆ ಒಪ್ಪಿದರು. ಸಾಹುಕಾರನ ಹೆಸರು ಬಿಟ್ಟಿದ್ದೇನೆ.

ಒಟ್ಟು ಖರ್ಚು ಇಪ್ಪತ್ತೈದು ಸಾವಿರ ದಾಟಿತು, ಮನೆಯವರು ಕೊಟ್ಟದ್ದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಹಿಂದಿನ ಚೌಕದ ಕಾಲ ಇನ್ನೂ ಸಿಕ್ಕಿಲ್ಲ. ಅದಕ್ಕೆ ಉತ್ತರದ ಮನೆಯವರ ಪತ್ರ ಬೇಕು. ಅಲ್ಲಿ ಅಣ್ಣತಮ್ಮಂದಿರ ಆಸ್ತಿ ಜಗಳ ಕೋರ್ಟಿನಲ್ಲಿದೆ, ಟ್ರಂಕಿಗೆ ಇಬ್ಬರದೂ ಬೀಗ. ತೀರ್ಪು ಬರುವವರೆಗೆ ವರದಿಯಲ್ಲಿ ಆ ಸಾಲು ಖಾಲಿ.