ಜಡಿಮಳೆಯಲ್ಲಿ ಈಯುವ ಕುರಿ: ಮರಿ ಉಳಿಸಿಕೊಳ್ಳುವ ಬಗೆ

ಮುಂಗಾರಿನ ಜಡಿಯಲ್ಲಿ ಹುಟ್ಟಿದ ಮರಿ ಬರೀ ಚಳಿಗೆ ಸಾಯುವುದಿಲ್ಲ. ಒದ್ದೆ ಮೈ, ಖಾಲಿ ಹೊಟ್ಟೆ, ಬೀಸುಗಾಳಿ ಮೂರೂ ಸೇರಿ ಕೊಲ್ಲುತ್ತವೆ. ಎರಡೂವರೆ ಕೆಜಿಯ ಡೆಕ್ಕನಿ ತಳಿಯ ಮರಿ ಹುಟ್ಟುವಾಗ ತರುವ ಕೊಬ್ಬು ಕೆಲವೇ ತಾಸಿಗೆ ಮುಗಿಯುತ್ತದೆ.

ಟಗರು ಹಾರಿದ ದಿನ ಬರೆದಿಟ್ಟಿದ್ದರೆ ಸುಮಾರು 147–150 ದಿನಕ್ಕೆ ಈಯುವ ಲೆಕ್ಕ. ಒಂದು ವಾರ ಮೊದಲೇ ಗಬ್ಬದ ಕುರಿಗಳನ್ನು ರೊಪ್ಪದ (ಕುರಿದೊಡ್ಡಿಯ) ಎತ್ತರದ ಕಡೆಗೆ ಬೇರೆ ಮಾಡಿ. ಮಳೆಗಾಳಿ ಬರುವ ಮಗ್ಗುಲಿಗೆ ತಾಡಪಾಲನ್ನು ನೆಲಕ್ಕೆ ತಾಗುವಂತೆ ಕಟ್ಟಿ. ಮರಿ ಮಲಗುವುದು ನೆಲದ ಮೇಲೆ ತಾನೆ. ಮೇಲ್ಭಾಗ ತೆರೆದಿರಲಿ. ಪೂರ್ತಿ ಮುಚ್ಚಿದರೆ ಉಚ್ಚೆಯ ಘಾಟು ಕಟ್ಟಿ ಮರಿಗಳಿಗೆ ನ್ಯುಮೋನಿಯಾ ಬರುತ್ತದೆ. ಕೆಳಗೆ ಒಣ ಹುಲ್ಲು ದಪ್ಪಗೆ ಹಾಸಿ, ಅದರ ಮೇಲೆ ಮಂಡಿಯೂರಿ ಕೂತು ನೋಡಿ. ಬಟ್ಟೆ ಒದ್ದೆಯಾದರೆ ಇನ್ನಷ್ಟು ಹುಲ್ಲು ಬೇಕು.

ನೀರಿನ ಚೀಲ ಒಡೆದು ಕುರಿ ಒಂದು ತಾಸು ತಿಣುಕಿದರೂ ಎರಡು ಮುಂಗಾಲು, ಅವುಗಳ ಮೇಲೆ ಮೂತಿ ಕಾಣದಿದ್ದರೆ ಎಳೆಯಬೇಡಿ, ಪಶುವೈದ್ಯರನ್ನು ಕರೆಯಿರಿ.

ಮರಿ ಬಿದ್ದ ಕೂಡಲೇ ಮೂಗು–ಬಾಯಿಯ ಲೋಳೆ ತೆಗೆದು, ಗೋಣಿತಟ್ಟಿನಿಂದ ಎದೆ ತಿಕ್ಕಿ, ತಾಯಿಯ ಮೂತಿಯ ಮುಂದೆ ಇಡಿ. ವಾಸನೆ ಹಿಡಿಯಲು ಅವಳೂ ನೆಕ್ಕಬೇಕು. ಹೊಕ್ಕುಳಬಳ್ಳಿಯನ್ನು ಟಿಂಚರ್ ಅಯೋಡಿನ್‌ನಲ್ಲಿ ಬುಡದವರೆಗೆ ಅದ್ದಿ. ಮೇಲೆ ಹನಿಸಿದರೆ ಸಾಲದು. ಕೆಸರಿನ ಸೋಂಕು ಹೊಕ್ಕುಳಿನಿಂದಲೇ ಒಳಹೋಗಿ ವಾರದಲ್ಲಿ ಕೀಲು ಬಾತು ಕುಂಟುತ್ತದೆ.

ಗಿಣ್ಣುಹಾಲು ಎರಡು ತಾಸಿನೊಳಗೆ ಹೊಟ್ಟೆ ಸೇರಬೇಕು: ಕೆಜಿ ತೂಕಕ್ಕೆ 50 ಮಿಲಿ, ಮೊದಲ ದಿನಕ್ಕೆ ಒಟ್ಟು ಕೆಜಿಗೆ 200 ಮಿಲಿ. ಎರಡೂವರೆ ಕೆಜಿ ಮರಿಗೆ ಆ ದಿನಕ್ಕೆ ಅರ್ಧ ಲೀಟರ್ ಆಯಿತು. ಮೊಲೆತೊಟ್ಟಿನ ತುದಿಗೆ ಮೇಣದಂಥ ಬಿರಡೆ ಕಟ್ಟಿರುತ್ತದೆ, ಎರಡು ಧಾರೆ ಕರೆದು ಬಿಡಿಸಿ. ಮರಿ ಚೀಪುತ್ತಿದೆ ಎಂದು ನಂಬಿ ಹೋಗಬೇಡಿ, ಹೊಟ್ಟೆ ಮುಟ್ಟಿ ನೋಡಿ.

ಮಂಕಾದ ಮರಿಯ ಬಾಯಿಗೆ ಬೆರಳಿಡಿ. ತಣ್ಣಗಿದ್ದರೆ ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. 39 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದ್ದರೆ ಚಳಿಯ ಚಿಂತೆಯಿಲ್ಲ. 37ರಿಂದ 39ರೊಳಗಿದ್ದರೆ ಒರೆಸಿ, ಗಿಣ್ಣು ಕುಡಿಸಿ, ಕಂಬಳಿ ಹೊದಿಸಿ. 37ಕ್ಕಿಂತ ಕೆಳಗಿಳಿದಾಗ ವಯಸ್ಸು ಮುಖ್ಯ. ಐದು ತಾಸಿನೊಳಗಿನ ಮರಿಯನ್ನು ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಗಳ ನಡುವೆ ಮಲಗಿಸಿ, ಕಾವು ಬಂದ ಮೇಲೆ ಹಾಲು ಕೊಡಿ. ಐದು ತಾಸು ದಾಟಿದ್ದರೆ ಬಿಸಿ ಮಾಡುವ ಮೊದಲೇ ವೈದ್ಯರಿಂದ ಹೊಟ್ಟೆಗೆ ಗ್ಲೂಕೋಸ್ ಚುಚ್ಚಿಸಬೇಕು. ರಕ್ತದಲ್ಲಿ ಸಕ್ಕರೆ ಬರಿದಾದ ಮರಿಯನ್ನು ಹಾಗೇ ಕಾಯಿಸಿದರೆ ಸೆಟೆದು ಸಾಯುತ್ತದೆ. ತಲೆ ಎತ್ತಲಾರದ ಮರಿಯ ಬಾಯಿಗೆ ಹಾಲು ಹೊಯ್ಯುವುದು ಎಲ್ಲಕ್ಕಿಂತ ಕೆಟ್ಟ ತಪ್ಪು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಈದ ಮೇಲೆ ಬೀಳುವ ಮಾಸನ್ನು ಕೈಗವಸು ಹಾಕಿ ಎತ್ತಿ ಆಳವಾಗಿ ಹೂಳಿ. ಕುರಿ ಕಂದು ಹಾಕುವಂತೆ (ಗಬ್ಬ ಇಳಿಯುವಂತೆ) ಮಾಡುವ ಬ್ರೂಸೆಲ್ಲಾ ರೋಗಾಣು ಮನುಷ್ಯರಿಗೂ ಅಂಟುತ್ತದೆ, ನಾಯಿಗೂ ಸಿಗಬಾರದು.

ತಾಯಂದಿರ ಗೊರಸು ಕೊಳೆಯತೊಡಗಿದರೆ 10 ಲೀಟರ್ ನೀರಿಗೆ 1 ಕೆಜಿ ಜಿಂಕ್ ಸಲ್ಫೇಟ್ ಕರಗಿಸಿ ಕಾಲು ಅದ್ದಿಸಿ, ಒಣ ನೆಲದಲ್ಲಿ ನಿಲ್ಲಿಸಿ. ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರೂ ನಡೆಯುತ್ತದೆ, ಆದರೆ ತಾಮ್ರ ಕುರಿಗೆ ವಿಷ. ಬಾಯಾರಿದ ಕುರಿ ಅದನ್ನೇ ಕುಡಿದೀತು, ನೀರು ಕುಡಿಸಿಯೇ ಇಳಿಸಿ.