ಕಾಕೆ ತೋರಿಸಿ ತಪ್ಪಿಸಿಕೊಳ್ಳಬೇಡಿ

ಅಂಕೋಲೆಯ ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ನಡೆದ ನಾಟಕ ಇದು. ಬೆಳಿಗ್ಗೆ ಅತ್ತೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಕಾಗೆ ತೋರಿಸಲು ಹಿತ್ತಲಿಗೆ ಹೋಗುತ್ತಿದ್ದರು. "ಅಲ್ಲಿ ನೋಡು ತಮಾ, ಕಾಕೆ!" ಅಷ್ಟರಲ್ಲಿ ನಾನು ಚಪ್ಪಲಿ ಕೈಯಲ್ಲಿ ಹಿಡಿದು ಮುಂಬಾಗಿಲಿನಿಂದ ಮಾಯ. ಕೆಲಸಕ್ಕೆ ಹೋಗಲು ಕಾರವಾರದ ಬಸ್ಸು ಸಿಗುತ್ತಿತ್ತು. ಆದರೆ ಕೊನೆಕೊನೆಗೆ ಕಾಕೆ ಎಂದರೆ ಸಾಕು, ಮಗ ಅಳತೊಡಗಿದ!

ಇದು ಹಠ ಅಲ್ಲ. ಆರು ತಿಂಗಳ ಮಗುವಿನ ಎದುರು ಚಮಚದ ಮೇಲೆ ಬಟ್ಟೆ ಮುಚ್ಚಿದರೆ ಅದು ಸುಮ್ನೆ ಮರೆತುಬಿಡುತ್ತದೆ. ಎಂಟು ತಿಂಗಳ ಸುಮಾರಿಗೆ ಬಟ್ಟೆ ಎತ್ತಿ ಹುಡುಕುತ್ತದೆ. ಅಂದರೆ, ಕಾಣದ ವಸ್ತುವೂ ಎಲ್ಲೋ ಇದೆ ಎಂದು ಗೊತ್ತಾಗಿದೆ. ಆಯಿಯ, ಅಂದರೆ ಅಮ್ಮನ, ವಿಷಯದಲ್ಲೂ ಅಷ್ಟೇ. ಎಲ್ಲೋ ಇದ್ದಾಳೆ, ಆದರೆ ಬರುವುದು ಯಾವಾಗ? 10ರಿಂದ 18 ತಿಂಗಳವರೆಗೆ ಈ ಅಳು ಜಾಸ್ತಿ. 26 ವಾರಗಳ ಹೆರಿಗೆ ರಜೆ ಮುಗಿಯುವುದು ಇದಕ್ಕೆ ಮೊದಲೇ!

ನೀವು ಹೋಗಿ ಬರುವುದನ್ನು ಮಗುವಿಗೆ ರೂಢಿ ಮಾಡಿಸಲು ಶುರು ಮಾಡುವುದು ಆಟದಿಂದ. ಮುಖಕ್ಕೆ ಸೆರಗು ಮುಚ್ಚಿ, ತೆಗೆದು ‘ಕೂ’ ಅನ್ನಿ. ಹೋದ ಮುಖ ವಾಪಸ್ ಬರುತ್ತದೆ ಎಂಬ ಪಾಠ ಅದರಲ್ಲೇ ಇದೆ. ಆಮೇಲೆ ಮಾತಾಡುತ್ತಲೇ ಅಡುಗೆಮನೆಗೆ ಹೋಗಿ ಬನ್ನಿ. ಮತ್ತೊಂದು ದಿನ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಮೀನು ತರಲು ಹೋಗಿ. ಹೊತ್ತನ್ನು ನಿಧಾನವಾಗಿ ಹೆಚ್ಚಿಸಿ.

ಹೊರಡುವ ದಿನ ಮಗುವಿನ ಹೊಟ್ಟೆ ತುಂಬಿರಲಿ, ನಿದ್ದೆ ಆಗಿರಲಿ. ಬಾಗಿಲಲ್ಲಿ ನಿಂತು ಹೇಳಿಯೇ ಹೋಗಿ, ದಿನವೂ ಒಂದೇ ಮಾತು: "ಆಯಿ ಹೋಗಿ ಬರ್ತಾಳೆ. ದೀಪ ಹಚ್ಚುವಾಗ ಬರ್ತಾಳೆ." ಗಂಟೆ ಹೇಳಿದರೆ ಮಗುವಿಗೆ ತಿಳಿಯದು, ದೀಪ ತಿಳಿಯುತ್ತದೆ. ಒಂದು ಮುತ್ತು, ಮುಗಿಯಿತು. ಗೇಟಿನಿಂದ ಮತ್ತೆ ಓಡಿ ಬರಬೇಡಿ. ನಾನು ಎರಡು ಸಲ ಬಂದೆ, ಎರಡು ಸಲವೂ ಅಳು ಮೊದಲಿನಿಂದ ಶುರುವಾಯಿತು. ನಿಮ್ಮ ಕಣ್ಣಲ್ಲೂ ನೀರು ಬೇಡ. ವರ್ಷದ ಆಸುಪಾಸಿನ ಮಗು ಹೆದರಬೇಕೋ ಬೇಡವೋ ಎಂದು ನಿಮ್ಮ ಮುಖ ನೋಡಿಯೇ ತೀರ್ಮಾನಿಸುತ್ತದೆ.

"ಹೋಗೋದು ಕಂಡ್ರೆ ಜಾಸ್ತಿ ಅಳ್ತದೆ" ಎನ್ನುವುದು ಅತ್ತೆಯ ವಾದ. ಮೊದಲ ಕೆಲವು ದಿನ ಅವರು ಹೇಳಿದ್ದೇ ನಿಜ. ಆದರೆ ಕದ್ದು ಹೋದರೆ ಮಗು ಇಡೀ ದಿನ ಕಾವಲು ಕಾಯುತ್ತದೆ. ನೀವು ಬಚ್ಚಲಿಗೆ ಹೋದರೂ ಬಿಡುವುದಿಲ್ಲ.

ಅಳುವಾಗ ಮನೆಯಲ್ಲಿದ್ದವರು ಗುಮ್ಮನನ್ನು ಕರೆಯುವುದು ಬೇಡ. "ಆಯಿ ಹೋದಳು ಅಂತ ಬೇಜಾರಾಯ್ತಾ?" ಎಂದು ಎತ್ತಿಕೊಂಡರೆ ಸಾಕು. ಆಯಿಯ ಹಳೇ ಸೀರೆ ಹೊದಿಸಿದರೂ ನಡೆಯುತ್ತದೆ. ಸಂಜೆ ಬಂದಾಗ ಕೆಲವು ಮಕ್ಕಳು ಮುಖ ತಿರುಗಿಸುತ್ತವೆ, ಅಲ್ವಾ? ಬೇಸರಪಡಬೇಡಿ. ಚೀಲ, ಮೊಬೈಲ್ ಬದಿಗಿಟ್ಟು ನೆಲದ ಮೇಲೆ ಕೂತಿರಿ, ತಾನೇ ಹತ್ತಿರ ಬರುತ್ತದೆ.

ಈಗಲೂ ಮಗ ಬಾಗಿಲಲ್ಲಿ ಅಳುತ್ತಾನೆ. ನಾನು ಬಸ್ ಸ್ಟ್ಯಾಂಡ್ ಮುಟ್ಟುವ ಮೊದಲೇ ಅತ್ತೆಯ ಫೋನ್: "ಅತ್ತು ಮುಗೀತು. ಕಾಕೆಗೆ ದೋಸೆ ಹಾಕ್ತಾ ಇದ್ದಾನೆ."