ತೋಟದ ಬದಿಯಲ್ಲಿ ಕಡವೆ ಸತ್ತು ಬಿದ್ದಿದ್ದರೆ ಏನು ಮಾಡಬೇಕು?

ಹೆಬ್ರಿ, ಅಮಾಸೆಬೈಲು, ಕೊಲ್ಲೂರು ಕಡೆ ತೋಟಕ್ಕೆ ಕಡವೆ, ಕಾಡುಕುರಿ ಬರುವುದು ಹೊಸತಲ್ಲ. ನಾಯಿ ಕಚ್ಚಿ ಅಥವಾ ವಾಹನ ಗುದ್ದಿ ಸತ್ತಿದ್ದರೆ ಹೆಚ್ಚಾಗಿ ಗಾಯ ಕಾಣುತ್ತದೆ. ಗಾಯವೇ ಇಲ್ಲದೆ ಸತ್ತಿದ್ದರೆ, ಇಲ್ಲವೇ ಹಗಲಲ್ಲೇ ಜನರಿಗೆ ಹೆದರದೆ ಸುಮ್ನೆ ನಿಂತಿದ್ದರೆ ರೋಗದ ಅನುಮಾನ ಬರಬೇಕು.

ದೂರದಿಂದಲೇ ನೋಡಿ

ಫೋನಿನ ಕ್ಯಾಮೆರಾ ಝೂಮ್‌ ಮಾಡಿದರೆ ಸಾಕು. ಜೊಲ್ಲು ಸುರಿಸುತ್ತಾ ಕುಂಟುತ್ತಿದ್ದರೆ ಕಾಲುಬಾಯಿ ರೋಗ ಇರಬಹುದು. ಗಂಟಲು ಊದಿ, ಗೊರಗೊರ ಉಸಿರಾಡುತ್ತಿದ್ದರೆ ಗಳಲೆ ರೋಗದ ಶಂಕೆ; ಇದು ಮಳೆಗಾಲದಲ್ಲಿ ಜಾಸ್ತಿ. ತೂರಾಡುತ್ತಾ ಕಂಡದ್ದಕ್ಕೆಲ್ಲ ಹಾಯುತ್ತಿದ್ದರೆ ರೇಬಿಸ್‌ ಆಗಿರಬಹುದು. ಇವೆಲ್ಲ ಅಂದಾಜು ಮಾತ್ರ, ಖಚಿತವಾಗುವುದು ಲ್ಯಾಬಿನಲ್ಲಿ.

ನಿಜಕ್ಕೂ ಹೆದರಬೇಕಾದದ್ದು ನೆರಡಿ ರೋಗಕ್ಕೆ, ಅಂದರೆ ಆಂಥ್ರಾಕ್ಸ್‌ಗೆ. ನಿನ್ನೆ ಚೆನ್ನಾಗಿದ್ದ ಪ್ರಾಣಿ ಇವತ್ತು ಸತ್ತಿರುತ್ತದೆ. ಹೊಟ್ಟೆ ಬೇಗ ಉಬ್ಬುತ್ತದೆ. ಮೂಗು, ಬಾಯಿ, ಗುದದಿಂದ ಕಪ್ಪು ರಕ್ತ ಒಸರುತ್ತದೆ, ಹೆಪ್ಪುಗಟ್ಟುವುದಿಲ್ಲ. ಇಂಥದ್ದನ್ನು ಕೊಯ್ಯಲೇಬಾರದು. ಗಾಳಿ ತಾಗಿದರೆ ರೋಗಾಣು ಗಟ್ಟಿ ಕವಚ ಕಟ್ಟಿಕೊಂಡು ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ದನಕ್ಕೂ ಬರುತ್ತದೆ, ನಮಗೂ ಬರುತ್ತದೆ. ‘ಈಗಷ್ಟೇ ಸತ್ತದ್ದು, ಮಾಂಸ ಯಾಕೆ ಹಾಳು ಮಾಡುವುದು’ ಎನ್ನುವವರು ಎಲ್ಲ ಊರಲ್ಲೂ ಇರುತ್ತಾರೆ, ಅಲ್ವಾ? ಅವರನ್ನು ತಡೆಯಿರಿ. ರೋಗದ ಮಾತು ಬಿಟ್ಟರೂ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಸತ್ತ ಕಡವೆಯೂ ಅದರ ಕೊಂಬೂ ಸರಕಾರದ ಸೊತ್ತು.

ಯಾರಿಗೆ ಹೇಳುವುದು?

ಅರಣ್ಯ ಇಲಾಖೆಯ ಸಹಾಯವಾಣಿ 1926. ಊರಿನ ಹೆಸರಷ್ಟೇ ಹೇಳಿದರೆ ಸಿಬ್ಬಂದಿ ಗುಡ್ಡೆಯೆಲ್ಲ ಸುತ್ತಬೇಕಾಗುತ್ತದೆ, ಹಾಗಾಗಿ ಅವರಿಗೆ ಲೊಕೇಶನ್‌, ಫೋಟೊ ಕಳಿಸಿ. ಯಾವಾಗ ಕಂಡದ್ದು, ಪಕ್ಕದಲ್ಲಿ ತೋಡು ಇದೆಯೇ, ಅಲ್ಲಿ ದನ ಮೇಯುತ್ತವೆಯೇ ಎಂದೂ ತಿಳಿಸಿ. ಒಂದಕ್ಕಿಂತ ಹೆಚ್ಚು ಸತ್ತಿದ್ದರೆ ಅದನ್ನೇ ಮೊದಲು ಹೇಳಿ. ಹತ್ತಿರದ ಪಶು ಆಸ್ಪತ್ರೆಗೂ ಒಂದು ಫೋನ್‌ ಮಾಡಿ. ಕಾಲುಬಾಯಿ, ಗಳಲೆ ಎರಡೂ ಹಟ್ಟಿಯ ದನಕ್ಕೂ ಕಾಡಿನ ಪ್ರಾಣಿಗೂ ಬರುವಂಥವು.

ಅವರು ಬರುವವರೆಗೆ ದನ, ನಾಯಿಗಳನ್ನು ಕಟ್ಟಿಹಾಕಿ. ಸತ್ತದ್ದನ್ನು ತೋಡಿಗೆ ಎಳೆದು ಹಾಕಬೇಡಿ, ನೀವೇ ಹೂಳಲೂ ಬೇಡಿ. ಅಕಸ್ಮಾತ್‌ ಮುಟ್ಟಿದ್ದರೆ ಸೋಪಿನಲ್ಲಿ ಚೆನ್ನಾಗಿ ಕೈ ತೊಳೆದು ಡಾಕ್ಟರಿಗೆ ತಿಳಿಸಿ. ಸತ್ತ ಪ್ರಾಣಿಯ ಮೈಯಿಂದ ಉಣ್ಣಿ ಇಳಿಯುತ್ತದೆ, ಅದಕ್ಕೂ ದೂರ ನಿಲ್ಲುವುದು ಒಳ್ಳೆಯದು. ಸತ್ತದ್ದು ಮಂಗನಾಗಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಹೇಳಲೇಬೇಕು. ಡಿಸೆಂಬರಿನಿಂದ ಮೇವರೆಗೆ ಉಣ್ಣಿಯಿಂದ ಜನರಿಗೆ ಹರಡುವ ಮಂಗನ ಕಾಯಿಲೆಯ ಕಾಲ.